ಒಡೆಯನೊಬ್ಬ, ವ್ಯಕ್ತಿಗಳಿಬ್ಬರು

ಬ್ರಿಟನ್ನಿನಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡಹೊರಟವನ ಮುಂದೆ ಮೊದಲ ದಿನವೇ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಆತ ನಲ್ಲಿ ಜೋಡಿಸುವವನಿರಲಿ, ಮನೆ ಕಟ್ಟುವ ಮೇಸ್ತ್ರಿಯಿರಲಿ, ನಮ್ಮ ಮೈಸೂರು ಬೆಂಗಳೂರುಗಳಿಂದ ಹೋಗಿ ಅಲ್ಲಿ ನೆಲೆಸಿದ ಕಂಪ್ಯೂಟರ್ ತಜ್ಞನಿರಲಿ, ತನ್ನ ಸ್ವಂತ ಹೆಸರಿನಲ್ಲಿಯೇ ವ್ಯವಹರಿಸಬೇಕೆ, ಇಲ್ಲವೆ ಒಂದು ಲಿಮಿಟೆಡ್ ಕಂಪನಿಯನ್ನು ಸ್ಥಾಪಿಸಿ ಅದರ ಹೆಸರಿನಲ್ಲಿ ವ್ಯವಹರಿಸಬೇಕೆ? ಹಿತೈಷಿಗಳು ಸಾಮಾನ್ಯವಾಗಿ ತೆರಿಗೆಯ ಲೆಕ್ಕವನ್ನೇ ಮುಂದಿಡುತ್ತಾರೆ. ತೆರಿಗೆಯ ದರಗಳಾದರೋ ಮುಂಗಡಪತ್ರದಿಂದ ಮುಂಗಡಪತ್ರಕ್ಕೆ ಬದಲಾಗತಕ್ಕವು. ಬದಲಾಗದ ಸಂಗತಿ ಬೇರೊಂದುಂಟು. ಸಾಹಿತ್ಯ ಕಲಿಸಿದವನಿಗೆ ಈ ಲೇವಾದೇವಿಯ ಉಸಾಬರಿ ಏಕೆಂದು ತಾವು ಕೇಳಬಹುದು. ಇದರ ಬುಡದಲ್ಲಿರುವುದು ಒಂದು ಕಲ್ಪನೆ. ಕವಿಗಳೂ ಹಿಂಜರಿಯಬಹುದಾದಷ್ಟು ದಿಟ್ಟವಾದ ಕಲ್ಪನೆ. ಆದ್ದರಿಂದ ಅದರಲ್ಲಿ ನನಗೂ ತುಸು ಹಕ್ಕಿದೆಯೆಂದುಕೊಂಡಿದ್ದೇನೆ.

ಆ ಕಲ್ಪನೆ ನಮಗೆ ಅಪರಿಚಿತವೇನಲ್ಲ. ದೇವಸ್ಥಾನದ ಗದ್ದೆ ಯಾರದು? ಅರ್ಚಕನದಲ್ಲ, ಧರ್ಮದರ್ಶಿಯದೂ ಅಲ್ಲ, ದೇವರದು. ಉಂಬಳಿಯ ಶಾಸನಗಳಲ್ಲಿ ದಾನ ಸಲ್ಲುವುದೂ ದೇವರಿಗೇ. 1925ರಲ್ಲಿ ಕಲ್ಕತ್ತೆಯ ಒಂದು ಮನೆತನದ ಕುಲದೇವತೆಯ ವ್ಯಾಜ್ಯ ಬಂದಾಗ, ದೇವತಾವಿಗ್ರಹವು ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿಯೇ ಎಂಬುದನ್ನು ಲಂಡನ್ನಿನ ಪ್ರೀವಿ ಕೌನ್ಸಿಲು ಎತ್ತಿಹಿಡಿಯಿತು. ಲಿಮಿಟೆಡ್ ಕಂಪನಿಯೂ ಅಂಥದೇ ಒಬ್ಬ ವ್ಯಕ್ತಿ. ಅದಕ್ಕೆ ಮೈಯಿಲ್ಲ, ಹಸಿವಿಲ್ಲ. ಆದರೆ ಹೆಸರುಂಟು, ಆಸ್ತಿಯುಂಟು, ಸಾಲವುಂಟು. ಅದನ್ನು ಹುಟ್ಟಿಸಿದವನು ಅದರ ಸಾಲಕ್ಕೆ ಹೊಣೆಯಲ್ಲ.

ಈ ಕೊನೆಯ ಮಾತು ನೆಲೆಗೊಂಡ ಬಗೆಯನ್ನು ತಿಳಿಯಬೇಕಾದರೆ ಆರನ್ ಸಾಲೊಮನ್ ಎಂಬ ಬೂಟು ವ್ಯಾಪಾರಿಯ ಕಥೆಯನ್ನು ಕೇಳಬೇಕು. ಲಂಡನ್ನಿನ ವೈಟ್‌ಚಾಪೆಲ್ ಭಾಗದಲ್ಲಿ ಆತ ಬಹುಕಾಲ ತನ್ನೊಬ್ಬನ ಹೆಸರಿನಲ್ಲಿಯೇ ಬೂಟುಗಳನ್ನು ತಯಾರಿಸುತ್ತಿದ್ದ. ಸರ್ಕಾರಕ್ಕೆ ಬೂಟು ಒದಗಿಸುವ ಗುತ್ತಿಗೆಗಳೂ ಅವನಿಗಿದ್ದವು. 1892ರಲ್ಲಿ ಈ ವ್ಯಾಪಾರವನ್ನು ಒಂದು ಕಂಪನಿಗೆ ಮಾರಿದ. ಆಗಿನ ಕಾನೂನಿನಂತೆ ಕಂಪನಿಗೆ ಏಳು ಜನ ಸದಸ್ಯರು ಬೇಕು. ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳು, ಇವರಿಗೆ ತಲೆಗೊಂದರಂತೆ ಷೇರು. ಉಳಿದ 20,001 ಷೇರುಗಳು ಸಾಲೊಮನ್ನನವು. ವ್ಯಾಪಾರಕ್ಕೆ ಕಟ್ಟಿದ ಬೆಲೆ ಸುಮಾರು 39,000 ಪೌಂಡು. ಅದರಲ್ಲಿ 10,000 ಪೌಂಡಿಗೆ ಕಂಪನಿಯ ಆಸ್ತಿಯ ಮೇಲೆ ಸಾಲಪತ್ರ ಬರೆಸಿಕೊಂಡ. ಅಂದರೆ ತಾನೇ ಹುಟ್ಟಿಸಿದ ಕೂಸಿಗೆ ತಾನೇ ಸಾಲಗಾರನಲ್ಲ, ಸಾಹುಕಾರನಾದ.

ಬೂಟಿನ ಕೆಲಸಗಾರರ ಮುಷ್ಕರ ಬಂತು. ಸರ್ಕಾರ ತನ್ನ ಗುತ್ತಿಗೆಗಳನ್ನು ಹಲವರಿಗೆ ಹಂಚತೊಡಗಿತು. ಸಾಲೊಮನ್ ತನ್ನ ಸಾಲಪತ್ರಗಳನ್ನೇ ಒತ್ತೆಯಿಟ್ಟು 5,000 ಪೌಂಡು ತಂದು ಕಂಪನಿಗೆ ಸುರಿದ. ಆದರೂ ಕಂಪನಿ ಬಿತ್ತು. ಒತ್ತೆ ಹಿಡಿದವನ ಬಾಕಿ ತೀರಿದ ಮೇಲೆ ಮಿಕ್ಕಿದ್ದು ಸಾವಿರ ಪೌಂಡಿಗೆ ತುಸು ಹೆಚ್ಚು. ಭದ್ರತೆಯಿಲ್ಲದೆ ಸರಕು ಕೊಟ್ಟವರಿಗೆ ಬರಬೇಕಾದದ್ದು ಏಳು ಸಾವಿರಕ್ಕೂ ಮೇಲೆ. ಕಂಪನಿಯೆಂಬುದು ಬರಿಯ ಮುಸುಕು, ಸಾಲವೆಲ್ಲ ಸಾಲೊಮನ್ನನದೇ ಎಂದು ಕೆಳಗಿನ ಎರಡು ನ್ಯಾಯಾಲಯಗಳು ಬಗೆದವು. ಅಷ್ಟರಲ್ಲಿ ಆತ ದಿವಾಳಿಯೆದ್ದು, ಬಡವನೆಂಬ ವಿನಾಯಿತಿಯ ಮೇಲೆಯೇ ಹೌಸ್ ಆಫ್ ಲಾರ್ಡ್ಸಿಗೆ ಮೇಲ್ಮನವಿ ಸಲ್ಲಿಸಬೇಕಾಯಿತು. 1896ರ ನವೆಂಬರಿನಲ್ಲಿ ಅಲ್ಲಿನ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು: ಕಂಪನಿ ಬೇರೆ, ಸಾಲೊಮನ್ ಬೇರೆ. ಸರಕು ಕೊಟ್ಟವರಿಗೆ ಬಿಡಿಗಾಸೂ ದಕ್ಕಲಿಲ್ಲ. ತೀರ್ಪಿನ ತರ್ಕವನ್ನು ಒಪ್ಪಿಕೊಂಡ ಮೇಲೂ ಆ ಸಣ್ಣ ವ್ಯಾಪಾರಿಗಳ ನೆನಪು ನನ್ನನ್ನು ಬಿಡದು.

ಇಂದು ಏಳು ಜನ ಬೇಕಿಲ್ಲ. ಬ್ರಿಟನ್ನಿನಲ್ಲಿ 1992ರಿಂದ, ನಮ್ಮಲ್ಲಿ 2013ರ ಕಾಯಿದೆಯಿಂದ, ಒಬ್ಬನೇ ಸದಸ್ಯನಿರುವ ಕಂಪನಿಗೂ ಅವಕಾಶವುಂಟು. ಹಾಗಾದರೆ ಎಲ್ಲರೂ ಕಂಪನಿ ಕಟ್ಟಿಕೊಳ್ಳಬಾರದೇಕೆ?

ಸ್ವಂತ ಹೆಸರಿನಲ್ಲಿ ವ್ಯವಹರಿಸುವವನ ದಾರಿ ಸರಳ. ತೆರಿಗೆ ಇಲಾಖೆಗೆ ಹೆಸರು ಕೊಟ್ಟು, ಲೆಕ್ಕ ಒಪ್ಪಿಸಿದರಾಯಿತು. ಬಂದ ಹಣವೆಲ್ಲ ಅವನದೇ. ಅವನ ಲೆಕ್ಕವನ್ನು ನೆರೆಯವರು ನೋಡಲಾರರು. ಆದರೆ ಕೆಲಸದಲ್ಲಿ ಅನಾಹುತವಾದರೆ ಅವನ ಮನೆಯೂ ಸಾಲದ ಬಾಯಿಗೆ ಬಿದ್ದೀತು. ಕಂಪನಿಯಾದರೆ ವರ್ಷ ವರ್ಷವೂ ಲೆಕ್ಕಪತ್ರವನ್ನು ಕಂಪನೀಸ್ ಹೌಸಿಗೆ ಸಲ್ಲಿಸಬೇಕು. ಅಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. ಲಾಭ 50,000 ಪೌಂಡಿನೊಳಗಿದ್ದರೆ ಕಂಪನಿ ತೆರಬೇಕಾದದ್ದು ನೂರಕ್ಕೆ 19, ಎರಡೂವರೆ ಲಕ್ಷವನ್ನು ದಾಟಿದರೆ 25. ಅದು ಕಂಪನಿಯ ತೆರಿಗೆ. ಆ ಹಣ ಡಿವಿಡೆಂಡಾಗಿ ಒಡೆಯನ ಜೇಬಿಗೆ ಬರುವಾಗ, ಅಲ್ಪ ವಿನಾಯಿತಿ ಕಳೆದು, ಅದಕ್ಕೆ ಮತ್ತೊಂದು ತೆರಿಗೆಯುಂಟು. ಕಂಪನಿಯ ಖಾತೆಯಲ್ಲಿರುವ ಹಣ ತನ್ನದಲ್ಲ ಎಂಬುದನ್ನು ಒಪ್ಪಿಕೊಳ್ಳುವುದೇ ಬಹುಮಂದಿಗೆ ಕಷ್ಟವಾಗುವ ಭಾಗ. ಮಗಳ ಮದುವೆಗೆಂದು ದೇವರ ಹುಂಡಿಗೆ ಕೈಯಿಕ್ಕಿದಂತೆ, ಅದರಿಂದ ಮನೆಯ ಖರ್ಚಿಗೆ ತೆಗೆದರೆ ಒಡೆಯನೇ ಅದರ ಋಣಿಯಾಗುತ್ತಾನೆ.

ಹೊಣೆಯ ಮಿತಿಯೂ ಜಾಹೀರಾತಿನಲ್ಲಿ ಕಾಣುವಷ್ಟು ಗಟ್ಟಿಯಲ್ಲ. ಪುಟ್ಟ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕಿನವರು ಒಡೆಯನ ವೈಯಕ್ತಿಕ ಜಾಮೀನನ್ನು ಕೇಳುವುದು ಸಾಮಾನ್ಯ. ಒಮ್ಮೆ ಜಾಮೀನಿಗೆ ರುಜು ಹಾಕಿದನೆಂದರೆ, ಲಾರ್ಡರು ಕಟ್ಟಿದ ಗೋಡೆಯಲ್ಲಿ ತಾನೇ ಬಾಗಿಲು ಕೊರೆದಂತೆ. ತೆರಿಗೆಯ ಶಾಸನವೂ 2000ದ ಏಪ್ರಿಲಿನಿಂದ ಇನ್ನೊಂದು ಬಾಗಿಲನ್ನು ತೆರೆಯಿತು. ಅದನ್ನು ಐಆರ್ 35 ಎನ್ನುತ್ತಾರೆ. ಕಂಪನಿಯನ್ನು ನಡುವೆ ನಿಲ್ಲಿಸಿ, ನಿಜದಲ್ಲಿ ಒಬ್ಬನೇ ಯಜಮಾನನ ಕೈಕೆಳಗೆ ನೌಕರನಂತೆ ದುಡಿಯುವವನಿಂದ ನೌಕರನ ತೆರಿಗೆಯನ್ನೇ ವಸೂಲು ಮಾಡುವ ಕ್ರಮ ಅದು. ಆತ ನೌಕರನಂತೆಯೋ ಅಲ್ಲವೋ ಎಂಬ ನಿರ್ಣಯ ಮೊದಲು ಅವನ ಕಂಪನಿಯದೇ ಆಗಿತ್ತು. 2017ರಲ್ಲಿ ಸರ್ಕಾರಿ ವಲಯದಲ್ಲಿ, 2021ರಲ್ಲಿ ಖಾಸಗಿ ವಲಯದ ದೊಡ್ಡ, ಮಧ್ಯಮ ಸಂಸ್ಥೆಗಳಲ್ಲಿ, ಅದು ಕೆಲಸ ಕೊಡುವವರ ಪಾಲಾಯಿತು.

ಕಳೆದುಕೊಳ್ಳಲು ಹೆಚ್ಚಿಲ್ಲದ, ಸಣ್ಣ ಕೆಲಸ ಮಾಡುವವನು ಸ್ವಂತ ಹೆಸರಿನಲ್ಲಿಯೇ ಇದ್ದು, ಒಂದು ಒಳ್ಳೆಯ ವಿಮೆ ಮಾಡಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಕೂಲಿಯಾಳುಗಳನ್ನಿಟ್ಟು, ಸರಕನ್ನು ಸಾಲ ತಂದು, ದೊಡ್ಡ ಕಾಮಗಾರಿ ಹಿಡಿಯುವವನಿಗೆ ಕಂಪನಿ ಬೇಕು. ಹಾಗೆ ಕಟ್ಟಿಕೊಂಡವನು ಕಾಗದಪತ್ರಗಳ ಮೇಲೂ ಬಿಲ್ಲುಗಳ ಮೇಲೂ ಕಂಪನಿಯ ಪೂರ್ಣ ಹೆಸರನ್ನು ಅಚ್ಚುಹಾಕಿಸಲಿ. ಕರಾರಿಗೆ ರುಜು ಹಾಕುವಾಗ ಕಂಪನಿಯ ಪರವಾಗಿ, ನಿರ್ದೇಶಕನೆಂದು ಬರೆದೇ ಹಾಕಲಿ. ಬರಿಯ ತನ್ನ ಹೆಸರು ಬರೆದು ಸುಮ್ಮನಾದರೆ, ಎದುರಿನವನು ಕಂಪನಿಯನ್ನು ಬಿಟ್ಟು ಅವನ ಮನೆಯ ಬಾಗಿಲಿಗೇ ಬಂದಾನು.