ನೀರು ಬಿಡಿ ಅನ್ನುವುದಿಲ್ಲ, ಗೇಜ್ ಕಾಯಿರಿ ಅನ್ನುತ್ತಾರೆ



ಮುದಗಲ್ಲು ಕೋಟೆಯ ಊರು, ಕಾಲುವೆಯ ಊರಲ್ಲ. ಆದರೂ ಇಲ್ಲಿಂದ ಮಸ್ಕಿ ದಾಟಿ ಸಿಂಧನೂರಿನ ಕಡೆ ಭತ್ತದ ನಾಟಿಗೆ ಹೋಗುವವರ ಕೂಲಿ ನಿಂತಿರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ. ಆ ನೀರು ಯಾರಿಗೆ ಮೊದಲು, ಎಷ್ಟು ದಿನ ಎಂದು ತೀರ್ಮಾನವಾಗುವುದು ನೀರಾವರಿ ಸಲಹಾ ಸಮಿತಿಯಲ್ಲಿ. ಜನ ಅದನ್ನು ಐಸಿಸಿ ಅಂತಲೇ ಕರೆಯುತ್ತಾರೆ.

ಅಲ್ಲಿ ಎಂಜಿನಿಯರುಗಳು ಟಿಎಂಸಿ, ಕ್ಯೂಸೆಕ್, ಆನ್ ಅಂಡ್ ಆಫ್ ಅನ್ನುತ್ತಾರೆ. ಮೇಲಿನವರು ಆದ್ಯತೆ, ರೈತರ ಹಿತ, ಸೂಕ್ತ ಕ್ರಮ ಅನ್ನುತ್ತಾರೆ. ನಾವು ಮೊದಲಿನದನ್ನಷ್ಟೇ ಅರ್ಥವಾಗದ ಭಾಷೆ ಎಂದು ದೂರುತ್ತೇವೆ. ಅದನ್ನಾದರೂ ಬಿಡಿಸಬಹುದು: ಒಂದು ಕ್ಯೂಸೆಕ್ ನೀರು ಒಂದು ಹಗಲು, ಒಂದು ರಾತ್ರಿ ಹರಿದರೆ ಸುಮಾರು ಎರಡು ಎಕರೆಯಲ್ಲಿ ಒಂದಡಿ ನೀರು ನಿಲ್ಲುತ್ತದೆ. 'ಸೂಕ್ತ ಕ್ರಮ'ದಲ್ಲಿ ಎಷ್ಟು ಎಕರೆ ನೆನೆಯುತ್ತದೆ, ಯಾರಾದರೂ ಹೇಳಲಿ ನೋಡೋಣ.

ತಾಂತ್ರಿಕ ಪದವೇ ಅಡ್ಡಿಯಲ್ಲ ಎಂಬುದು ಒಮ್ಮೆ ಕಣ್ಣಿಗೇ ಕಂಡಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ಹರಿದು ಗೇಟು ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ 'ಸ್ಟಾಪ್‌ಲಾಗ್' ಎಂಬ ಮಾತು ಚಹಾದಂಗಡಿಗಳಿಗೆ ಬಂದಿತ್ತು. ಯಾರೂ ನಿಘಂಟು ಹುಡುಕಲಿಲ್ಲ. ನೀರು ಖಾಲಿ ಮಾಡಿ ಗೇಟು ಕೂಡಿಸುವುದೋ, ಹರಿಯುವ ನೀರಿನಲ್ಲೇ ಕೂಡಿಸುವುದೋ ಎಂಬ ಪ್ರಶ್ನೆ ನೇರವಾಗಿ ಎದುರಿಗಿತ್ತು. ಖಾಲಿಯಾದರೆ ಬೆಳೆ ಹೋಗುತ್ತದೆ ಎಂಬುದೂ ಎಲ್ಲರಿಗೂ ತಿಳಿದಿತ್ತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಇಳಿಸಿತು. ವಾರದೊಳಗೆ ಕೆಲಸ ಮುಗಿಯಿತು. ಆ ವಾರ ಕೇಳಿದಷ್ಟು ಬಿಚ್ಚುಮಾತು ಮತ್ತೆ ಕೇಳಿದ್ದು ಕಡಿಮೆಯೇ.

ಕಾಲುವೆಯ ಕೆಳಭಾಗದ ರೈತರನ್ನು ನೋಡಿ. ಮೇಲ್ಭಾಗದಲ್ಲಿ ತೂಬು ಎತ್ತಿ, ಪಂಪು ಹಚ್ಚಿ ನೀರೆಳೆದರೆ ಅವರ ಪಾಲಿಗೆ ಬರುವುದು ಕೆಸರು. ಅವರು ರಸ್ತೆಗಿಳಿದಾಗ 'ನೀರು ಬಿಡಿ' ಎಂದಷ್ಟೇ ಕೂಗುವುದಿಲ್ಲ, '69ನೇ ಮೈಲಿನಲ್ಲಿ ಗೇಜ್ ಕಾಯಿರಿ' ಅನ್ನುತ್ತಾರೆ, ಅಂದರೆ ಅಲ್ಲಿ ಕಾಲುವೆಯ ನೀರಿನ ಮಟ್ಟ ಇಳಿಯದಂತೆ ನೋಡಿಕೊಳ್ಳಿ ಎಂದು. ಎಂಜಿನಿಯರರ ಪದವನ್ನು ಅವರು ಎಂದೋ ಕಲಿತರು, ಕಲಿಯದಿದ್ದರೆ ಬೆಳೆ ಒಣಗುತ್ತಿತ್ತು. ಗೇಜ್ ಎಷ್ಟಡಿ, ಯಾವ ತಾರೀಕಿನವರೆಗೆ ಎಂದು ಅವರು ಕೇಳಿದಾಗ ಸಭೆಯಿಂದ ಬರುವ ಉತ್ತರ ಮಾತ್ರ ಇನ್ನೂ 'ಪರಿಶೀಲಿಸಲಾಗುವುದು'.