ಕೊರಳ ಬಳಿಯ ಪಿಕಪ್

ಜಾಝ್ ಸಂಗೀತಗಾರರು ಮೆಚ್ಚುವ ಗಿಟಾರು ಪೊಳ್ಳೊಡಲಿನದು. ಪಿಟೀಲಿನಂತೆ ಎದೆ ಉಬ್ಬಿದ್ದು, ಎರಡು ಮಗ್ಗುಲಲ್ಲಿಯೂ ‘ಎಫ್’ ಅಕ್ಷರದ ಆಕಾರದ ರಂಧ್ರಗಳಿರುವ ವಾದ್ಯ. ಅದರ ಕೊರಳು ಒಡಲನ್ನು ಸೇರುವೆಡೆಯಲ್ಲಿ, ತಂತಿಗಳ ಅಡಿಗೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಲೋಹದ ಪೆಟ್ಟಿಗೆಯೊಂದು ಹುದುಗಿರುತ್ತದೆ. ಅದೇ ಪಿಕಪ್. ಒಳಗೆ ಒಂದು ಅಯಸ್ಕಾಂತ, ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳು, ಇನ್ನೇನೂ ಇಲ್ಲ. ಉಕ್ಕಿನ ತಂತಿ ಮಿಡಿದೊಡನೆ ಕಾಂತಕ್ಷೇತ್ರ ಕದಲುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ತತ್ತ್ವವೇ ಇದು. ಸೇತುವೆಯಿಂದ ದೂರವಾಗಿ, ಕೊರಳಿಗೆ ಹತ್ತಿರವಾಗಿ ಕುಳಿತ ಪಿಕಪ್ ತಂತಿಯ ಮೂಲಸ್ವರವನ್ನು ತುಂಬಿಕೊಂಡು ಕೇಳುತ್ತದೆ. ಆದುದರಿಂದ ಅದರ ದನಿ ದುಂಡಗೆ, ಮಂದ್ರವಾಗಿ ಬರುತ್ತದೆ. ಜಾಝ್ ವಾದಕನ ಮಾತೆಲ್ಲ ಬಹುಮಟ್ಟಿಗೆ ಈ ಒಂದು ಬಾಯಿಂದಲೇ ಹೊರಡಬೇಕು. ನನ್ನ ವಾದ್ಯದಲ್ಲಿ ಇದರ ಸುರುಳಿ ತುಂಡಾಗಿ ಮೌನವಾದಾಗ, ಆ ಜಾಗಕ್ಕೆ ಯಾವುದನ್ನು ತರಬೇಕೆಂಬ ಪ್ರಶ್ನೆ ಎದುರಾಯಿತು. ಆ ಆಯ್ಕೆಯ ವಿಚಾರವಾಗಿಯೇ ಈ ನಾಲ್ಕು ಮಾತು.

ಇಂಥ ಬದಲಾವಣೆಯಲ್ಲಿ ಎಲ್ಲರಿಗಿಂತ ಪ್ರಸಿದ್ಧನಾದವನು ಬಾರ್ನಿ ಕೆಸೆಲ್. ಅವನ ಕತೆಯನ್ನು ಹೇಳಬೇಕಾದರೆ ಮೊದಲು ಚಾರ್ಲಿ ಕ್ರಿಶ್ಚಿಯನ್ ಎಂಬಾತನ ಕತೆಯನ್ನು ಹೇಳಬೇಕು. 1936ರಲ್ಲಿ ಗಿಬ್ಸನ್ ಕಂಪನಿಯವರು ಇ.ಎಸ್.-150 ಎಂಬ ವಿದ್ಯುತ್ ಗಿಟಾರನ್ನು ಹೊರತಂದರು. ಅದುವರೆಗೆ ತುತ್ತೂರಿ, ಸ್ಯಾಕ್ಸೊಫೋನುಗಳ ಅಬ್ಬರದಲ್ಲಿ ಗಿಟಾರಿನವನು ತಾಳಕ್ಕೆ ಒತ್ತಾಸೆಯಾಗಿ ಮೂಲೆಯಲ್ಲಿ ಕುಳಿತಿರಬೇಕಾಗಿತ್ತು. ಓಕ್ಲಹೋಮದ ಬಡ ಕರಿಯ ಕುಟುಂಬದಲ್ಲಿ ಬೆಳೆದ ಕ್ರಿಶ್ಚಿಯನ್ ಆ ವಾದ್ಯವನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿ, ಸ್ಯಾಕ್ಸೊಫೋನಿಗೆ ಸಮನಾಗಿ ನಿಂತು ನುಡಿಸಿದ. 1942ರಲ್ಲಿ ಕ್ಷಯಕ್ಕೆ ತುತ್ತಾಗಿ ತೀರಿಕೊಂಡಾಗ ಅವನ ವಯಸ್ಸು 25. ಅದೇ ಓಕ್ಲಹೋಮದ ಹುಡುಗನಾದ ಕೆಸೆಲ್ ಹದಿಹರೆಯದಲ್ಲಿಯೇ ಅವನೊಡನೆ ಕುಳಿತು ನುಡಿಸಿದ್ದವನು. ಮುಂದೆ ತನ್ನ ಗಿಬ್ಸನ್ ಇ.ಎಸ್.-350 ಗಿಟಾರಿನಲ್ಲಿದ್ದ ಪಿಕಪ್ಪನ್ನು ತೆಗೆಸಿ, ಕ್ರಿಶ್ಚಿಯನ್ ಬಳಸುತ್ತಿದ್ದ ಹಳೆಯ ಬಗೆಯ ಪಿಕಪ್ಪನ್ನು ಕೂರಿಸಿಕೊಂಡ. ಅದು ಸುಲಭದ ಕೆಲಸವಲ್ಲ. ಮೇಲುಹಲಗೆಯ ಅಡಿಯಲ್ಲಿ, ಒಡಲಿನೊಳಗೆ, ಎರಡು ಉದ್ದನೆಯ ಭಾರವಾದ ಅಯಸ್ಕಾಂತಗಳು ಮೂರು ತಿರುಪುಗಳಿಂದ ತೂಗಿಕೊಂಡಿರಬೇಕು. ಗುರುಸ್ಮರಣೆಗಾಗಿ ಇಷ್ಟು ಮಾಡಿದರೂ ಕೆಸೆಲ್ಲನ ಧ್ವನಿಮುದ್ರಿಕೆಗಳನ್ನು ಕೇಳಿದರೆ ಕಿವಿಗೆ ಬೀಳುವುದು ಕೆಸೆಲ್ಲನೇ, ಕ್ರಿಶ್ಚಿಯನ್ ಅಲ್ಲ. ಇನ್ನೊಬ್ಬರ ಕೊರಳನ್ನು ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ. ವೆಸ್ ಮಾಂಟ್ಗೊಮೆರಿಯ ನಾದ ಯಾವ ಪಿಕಪ್ಪಿನಲ್ಲಿ ಸಿಕ್ಕೀತೆಂದು ತರುಣರು ನನ್ನನ್ನು ಕೇಳುವುದುಂಟು. ಆತ ನುಡಿಸುತ್ತಿದ್ದುದು ಹೆಬ್ಬೆರಳಿನ ಮಾಂಸದಿಂದ. ಆ ಹೆಬ್ಬೆರಳನ್ನು ಯಾರೂ ಮಾರುತ್ತಿಲ್ಲ.

ಹಾಗಿದ್ದರೂ ಪಿಕಪ್ಪುಗಳಲ್ಲಿ ಭೇದವಿಲ್ಲವೆಂದಲ್ಲ. ಯುದ್ಧಾನಂತರ ಗಿಬ್ಸನ್ನರು ಬಳಕೆಗೆ ತಂದ ಪಿ-90 ಎಂಬುದರಲ್ಲಿ ಒಂದೇ ಅಗಲವಾದ ಸುರುಳಿ. 1949ರಲ್ಲಿ ಬಂದ ಇ.ಎಸ್.-175 ಎಂಬ ಜನಪ್ರಿಯ ಜಾಝ್ ಗಿಟಾರಿನಲ್ಲಿ ಮೊದಲು ಇದ್ದುದು ಇದೇ. ಸಾನಿ ರಾಲಿನ್ಸನ 1962ರ ‘ದಿ ಬ್ರಿಜ್’ ಮುದ್ರಿಕೆಯಲ್ಲಿ ಜಿಮ್ ಹಾಲ್ ನುಡಿಸಿರುವುದನ್ನು ಕೇಳಿದವರಿಗೆ ಪಿ-90ರ ಗುಣ ಗೊತ್ತು: ಮೃದುವಾದರೂ ಪ್ರತಿ ಮೀಟಿನ ಆರಂಭ ಬಿಡಿಬಿಡಿಯಾಗಿ ಕಾಣುತ್ತದೆ. ಅದರ ದೋಷ ಗುಂಯ್‌ಗುಟ್ಟುವುದು. ಮನೆಯ ವಿದ್ಯುತ್ತಿನ ಕಂಪನವನ್ನೂ ಅದು ಸಂಗೀತವೆಂದೇ ಭಾವಿಸಿ ಎತ್ತಿಕೊಳ್ಳುತ್ತದೆ. ಅಮೆರಿಕದಲ್ಲಿ ಸೆಕೆಂಡಿಗೆ 60 ಆವರ್ತ, ನಮ್ಮಲ್ಲಿ 50. ಅದರ ಎರಡರಷ್ಟಾದ 100 ನಮಗೆ ಇನ್ನೂ ದೊಡ್ಡ ಪೀಡೆ. ಏಕೆಂದರೆ ಗಿಟಾರಿನ ಅತಿ ದಪ್ಪ ತಂತಿಯ ಮೂರನೆಯ ಮೆಟ್ಟಿಲಿನ ಸ್ವರ 98. ನೆರೆಮನೆಯಲ್ಲಿ ಯಾರೋ ಶ್ರುತಿ ಸೇರದ ತಂಬೂರಿಯನ್ನು ಬಿಡದೆ ಮೀಟುತ್ತಿದ್ದಂತೆ!

ಈ ಗುಂಯ್‌ಕಾರವನ್ನು ನೀಗಿದವನು ಸೆತ್ ಲವರ್. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಸುತ್ತಿನ ದಿಕ್ಕನ್ನೂ ಕಾಂತಧ್ರುವವನ್ನೂ ಇನ್ನೊಂದಕ್ಕೆ ವಿರುದ್ಧವಾಗಿಸಿದ. ಹೊರಗಿನಿಂದ ಬರುವ ಸದ್ದು ಎರಡರಲ್ಲಿ ಎದುರುಬದುರಾಗಿ ಹುಟ್ಟಿ ಅಳಿಯುತ್ತದೆ; ತಂತಿಯ ನಾದ ಕೂಡಿಕೊಳ್ಳುತ್ತದೆ. 1955ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು, 1957ರಿಂದ ಗಿಟಾರುಗಳಲ್ಲಿ ಕಾಣಿಸಿಕೊಂಡಿತು. ಇದೇ ಹಂಬಕರ್. ಆದರೆ ಎರಡು ಸುರುಳಿಗಳು ತಂತಿಯನ್ನು ಎರಡೆಡೆಯಲ್ಲಿ ಕೇಳುವುದರಿಂದ ಅತಿ ಸೂಕ್ಷ್ಮವಾದ ತಾರಧ್ವನಿಗಳೂ ಒಂದಷ್ಟು ಅಳಿಯುತ್ತವೆ. ಶಾಂತಿಗೆ ತೆತ್ತ ಬೆಲೆ ಅದು.

ಅಂಗಡಿಯವರು ಪಿಕಪ್ಪಿನ ಶಕ್ತಿಯನ್ನು ಓಮುಗಳಲ್ಲಿ ಹೇಳುವುದು ವಾಡಿಕೆ. ಇದು ಏಳೂವರೆ ಸಾವಿರ ಓಮು, ಅದು ಹದಿನಾಲ್ಕು ಸಾವಿರ, ಹೆಚ್ಚಾದದ್ದೇ ಮೇಲು ಎಂಬ ಧಾಟಿ. ಆ ಅಂಕಿ ಹೇಳುವುದು ತಂತಿ ಎಷ್ಟು ಉದ್ದ, ಎಷ್ಟು ಸಪೂರ ಎಂಬುದನ್ನು ಮಾತ್ರ, ನಾದವನ್ನಲ್ಲ. ಸುತ್ತುಗಳು ಹೆಚ್ಚಿದಷ್ಟೂ ಸದ್ದು ಜೋರಾಗುತ್ತದೆ, ನಿಜ. ಜತೆಗೆ ಪಿಕಪ್ಪಿನ ಅನುರಣನದ ಶಿಖರ ಕೆಳಕ್ಕೆ ಜಾರಿ ಮೇಲಿನ ಹೊಳಪು ಮಾಸುತ್ತದೆ. ಘನವಾದ ಮರದ ರಾಕ್ ಗಿಟಾರಿನಲ್ಲಿ, ಸೇತುವೆಯ ಬಳಿ, ಅದು ಒಪ್ಪೀತು. ಪೊಳ್ಳೊಡಲಿನಲ್ಲಿ, ಕೊರಳ ಬಳಿ, ದನಿ ಮೊದಲೇ ಮಂದ್ರ. ಅಲ್ಲಿ ಬಲಿಷ್ಠವಾದುದನ್ನು ಕೂರಿಸಿದರೆ ನಾಲ್ಕು ಸ್ವರಗಳ ಮೇಳ ಕೆಸರಾಗುತ್ತದೆ. ಯಾವ ಸ್ವರ ಎಲ್ಲಿದೆಯೆಂದು ವಾದಕನಿಗೇ ತಿಳಿಯದು. ನನ್ನ ವಾದ್ಯಕ್ಕೆ ತಯಾರಕರು ಕೂರಿಸಿದ್ದು ಇಂಥದೇ ಅತಿಬಲದ ಹಂಬಕರ್. ಅಪರೂಪದ ಹಳೆಯ ಪಿಕಪ್ ಆಗಿದ್ದರೆ ಮತ್ತೆ ಸುತ್ತಿಸುವುದೇ ಧರ್ಮವಾಗುತ್ತಿತ್ತು. ಇದರ ವಿಷಯದಲ್ಲಿ ನನಗೆ ಹಾಗೆನಿಸಲಿಲ್ಲ.

ಇನ್ನು ಮರದ ಮಾತು. ನನ್ನ ನಿರ್ಧಾರದಲ್ಲಿ ಎಲ್ಲಕ್ಕಿಂತ ಭಾರವಾದದ್ದು ಇದೇ. ಕ್ರಿಶ್ಚಿಯನ್ ಬಗೆಯ ಪಿಕಪ್ ಬೇಕೆಂದು ನನ್ನ ಮನಸ್ಸೂ ಎಳೆಯಿತು. ಅದರ ಮೂಲ ರೂಪ ಬೇಕಾದರೆ ಮೇಲುಹಲಗೆಯನ್ನು ಇನ್ನಷ್ಟು ಕೊರೆಯಬೇಕು. ಪೊಳ್ಳೊಡಲಿನ ವಾದ್ಯದಲ್ಲಿ ಮೇಲುಹಲಗೆಯೇ ಎದೆಗೂಡು. ಅಲ್ಲಿ ಕತ್ತರಿಸಿದ ಮರ, ಅಲ್ಲಿ ಹೇರಿದ ಭಾರ, ಎರಡೂ ನಾದವನ್ನು ಬದಲಿಸುತ್ತವೆ. ಕತ್ತರಿಸಿದ್ದು ಮರಳಿ ಬರುವುದಿಲ್ಲ. ಈ ಅಳುಕಿನಿಂದಲೇ ಜಾನಿ ಸ್ಮಿತ್‌ನಂಥವರು ಹಲಗೆಯನ್ನು ಮುಟ್ಟದೆ ತೇಲುವಂತೆ ಜೋಡಿಸಿದ ಪಿಕಪ್ಪನ್ನು ಬಯಸಿದರು. ತಿರುಪು ಬಿಚ್ಚಿದರೆ ಹಿಂದಿನ ಸ್ಥಿತಿಗೆ ಮರಳುವಂಥ ಬದಲಾವಣೆ ಮಾತ್ರ ಸಾಕೆಂದು ನಾನು ನಿಶ್ಚಯಿಸಿದೆ. ಹಂಬಕರಿನ ಅಳತೆಯ ಪೆಟ್ಟಿಗೆಯಲ್ಲಿ ಪಿ-90 ದೊರೆಯುತ್ತದೆ. ಅದರ ಸುರುಳಿ ಮೂಲದಷ್ಟು ಅಗಲವಿರಲಾರದು, ಗುಂಯ್‌ಕಾರವಂತೂ ಇದ್ದೇ ಇದೆ. ಧ್ವನಿಮುದ್ರಣದ ಕೋಣೆಯಲ್ಲಷ್ಟೆ ನುಡಿಸುವವನಾಗಿದ್ದರೆ ಅದನ್ನೇ ತರುತ್ತಿದ್ದೆ. ಮದುವೆ ಮಂಟಪದ ದೀಪಮಾಲೆಗಳ ನಡುವೆಯೂ ನುಡಿಸಬೇಕಾದವನು ನಾನು.

ಕೊನೆಗೆ ತಂದದ್ದು ಹಳೆಯ ರೀತಿಯ ಹಂಬಕರ್: ಕಡಮೆ ಸುತ್ತು, ಸೌಮ್ಯವಾದ ಆಲ್ನಿಕೊ ಅಯಸ್ಕಾಂತ. ಅಯಸ್ಕಾಂತ ಸೌಮ್ಯವಾಗಿರಬೇಕು; ಕೊರಳ ಬಳಿ ತಂತಿ ಅಗಲವಾಗಿ ತೂಗುವುದರಿಂದ, ಬಲವಾದ ಅಯಸ್ಕಾಂತ ಅದನ್ನು ಜಗ್ಗಿ ಸ್ವರವನ್ನು ಬೇಗ ಆರಿಸಿಬಿಡುತ್ತದೆ. ಸುರುಳಿಯನ್ನು ಮೇಣದಲ್ಲಿ ಅದ್ದಿಸಿರಬೇಕೆಂದು ಕೆಲವರು ಹೇಳಿದರು. ಮೇಣ ತಡೆಯುವುದು ಸುರುಳಿಯೇ ಅದುರಿ ಕೀಚಲಿಡುವುದನ್ನು. ಪೊಳ್ಳೊಡಲು ಧ್ವನಿವರ್ಧಕದೆದುರು ಊಳಿಡುವುದು ಬೇರೆ ರೋಗ. ಅದಕ್ಕೆ ಮೇಣ ಮದ್ದಲ್ಲ, ದೂರ ಸರಿದು ಕೂರುವುದೇ ಮದ್ದು. ಮೇಣವಿಲ್ಲದುದನ್ನೇ ಆರಿಸಿದೆ. ಬೆರಳು ಮರಕ್ಕೆ ತಾಗಿದ ಸಪ್ಪಳವೂ ಅದರಲ್ಲಿ ಅಷ್ಟಿಷ್ಟು ಕೇಳುತ್ತದೆ. ನನಗೆ ಅದು ಬೇಕು.

ಜೋಡಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಜಾಝ್ ಗಿಟಾರಿಗೆ ಹಾಕುವ ದಪ್ಪ ತಂತಿಗಳಲ್ಲಿ ಮೂರನೆಯದಕ್ಕೂ ಚಪ್ಪಟೆ ಪಟ್ಟಿಯ ಸುತ್ತು ಇರುತ್ತದೆ. ಪಿಕಪ್ಪಿಗೆ ಮುಖ್ಯವಾಗಿ ಕೇಳುವುದು ಒಳಗಿನ ಉಕ್ಕಿನ ಎಳೆ. ಆ ಎಳೆ ತೆಳುವಾದ್ದರಿಂದ ಮೂರನೆಯ ತಂತಿ ಮೆತ್ತಗೆ ನುಡಿಯುತ್ತದೆ, ಬರಿಯ ಉಕ್ಕಿನ ಎರಡನೆಯದು ಕೂಗುತ್ತದೆ. ಪಿಕಪ್ಪನ್ನು ಪೂರಾ ತಗ್ಗಿಸಿ, ದನಿ ತೆರೆದುಕೊಂಡ ಮೇಲೆ, ಒಂದೊಂದು ತಂತಿಯ ತಿರುಪನ್ನು ಕಿವಿಯಿಂದಲೇ ಅಳೆಯುತ್ತಾ ಹೋದೆ. ಎರಡನೆಯದನ್ನು ಈಗಾಗಲೇ ಮೂರು ಸಲ ಇಳಿಸಿದ್ದೇನೆ. ಇನ್ನೂ ಅರ್ಧ ಸುತ್ತು ಬೇಕಾದೀತು.