ಕಂಪ್ಯೂಟರ್ ಎದುರಾಳಿಯೊಡನೆ ರಾಜನೀತಿ



ಕಂಪ್ಯೂಟರ್ ಆಟ ಎಂದೊಡನೆ ಗುಂಡು ಹಾರಿಸುವುದು, ಕಾರು ಓಡಿಸುವುದು, ಇವೇ ನಮ್ಮ ಕಣ್ಣ ಮುಂದೆ ಬರುತ್ತವೆ. ಇವುಗಳಿಗಿಂತ ಬೇರೆಯಾದ ಇನ್ನೊಂದು ಬಗೆಯ ಆಟಗಳಿವೆ. ಅವುಗಳಲ್ಲಿ ಆಟಗಾರನಿಗೆ ಒಂದು ಭೂಪಟ, ಒಂದು ರಾಜ್ಯ, ಒಂದು ಬೊಕ್ಕಸ ಮತ್ತು ಕೆಲವೇ ಮಂದಿ ರಾಯಭಾರಿಗಳು ದೊರೆಯುತ್ತಾರೆ. ಸುತ್ತಲಿನ ರಾಜ್ಯಗಳನ್ನೆಲ್ಲ ಕಂಪ್ಯೂಟರೇ ನಡೆಸುತ್ತದೆ. ಇವನ್ನು ಸ್ಟ್ರಾಟೆಜಿ ಆಟಗಳು, ಅಂದರೆ ವ್ಯೂಹದ ಆಟಗಳು ಎನ್ನುತ್ತಾರೆ. ಇಲ್ಲಿ ಕೈಚಳಕಕ್ಕೆ ಹೆಚ್ಚಿನ ಬೆಲೆಯಿಲ್ಲ. ನೆರೆಹೊರೆಯನ್ನು ನಿಭಾಯಿಸಬಲ್ಲವನೇ ಉಳಿಯುತ್ತಾನೆ. ಕಂಪ್ಯೂಟರ್ ನಡೆಸುವ ಈ ಎದುರಾಳಿಗಳೊಡನೆ ಬಾಂಧವ್ಯ ಬೆಳೆಯುವುದು ಹೇಗೆ, ಕೆಡುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಒಂದು ಆಟವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆ 2013ರಲ್ಲಿ ‘ಯೂರೋಪಾ ಯೂನಿವರ್ಸಾಲಿಸ್’ ಎಂಬ ಆಟದ ನಾಲ್ಕನೆಯ ಆವೃತ್ತಿಯನ್ನು ಹೊರತಂದಿತು. ಹೆಸರು ಯೂರೋಪಿನದಾದರೂ ಭೂಪಟ ಇಡೀ ಜಗತ್ತಿನದು. ಆಟ ಆರಂಭವಾಗುವುದು 1444ನೆಯ ಇಸವಿ ನವೆಂಬರ್ 11ರಂದು. ಆ ಕಾಲಕ್ಕೆ ದಕ್ಷಿಣದಲ್ಲಿ ವಿಜಯನಗರ, ಅದರ ಉತ್ತರಕ್ಕೆ ಬಹಮನಿ ರಾಜ್ಯ. ವಿಜಯನಗರದಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದ. ಹಿಂದಿನ ವರ್ಷವಷ್ಟೇ, 1443ರಲ್ಲಿ, ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ ಅಬ್ದುರ್ ರಜಾಕ್ ಆ ರಾಜಧಾನಿಗೆ ಬಂದಿದ್ದ. ಈಗ ನಮ್ಮ ಬೂದಿಗೆರೆಯ ಮನೆಯೊಂದರಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿನಿ ವಿಜಯನಗರವನ್ನು ಆರಿಸಿಕೊಂಡು ಆಟಕ್ಕೆ ಕುಳಿತಿದ್ದಾಳೆಂದು ಭಾವಿಸಿ. ಬಹಮನಿಯನ್ನು ನಡೆಸುವುದು ಕಂಪ್ಯೂಟರ್. ಅದರೊಡನೆ ಅವಳು ಹೇಗೆ ವ್ಯವಹರಿಸಬೇಕು?

ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಕಂಪ್ಯೂಟರ್ ಎದುರಾಳಿಗೆ ಕೋಪವಿಲ್ಲ, ಪ್ರೀತಿಯಿಲ್ಲ, ಹೊಟ್ಟೆಕಿಚ್ಚೂ ಇಲ್ಲ. ಅದಕ್ಕಿರುವುದು ಒಂದು ಖಾತೆ ಪುಸ್ತಕ. ಕಿರಾಣಿ ಅಂಗಡಿಯವರು ಪ್ರತಿ ಮನೆಯ ಹೆಸರಿನಲ್ಲಿ ಜಮಾ-ಖರ್ಚು ಬರೆದಿಡುವಂತೆ, ಈ ಆಟದಲ್ಲಿ ಪ್ರತಿಯೊಂದು ರಾಜ್ಯವೂ ಉಳಿದ ರಾಜ್ಯಗಳ ಬಗ್ಗೆ ಅಂಕಗಳಲ್ಲಿ ಅಭಿಪ್ರಾಯ ಬರೆದಿಡುತ್ತದೆ. ಋಣ 200ರಿಂದ ಧನ 200ರವರೆಗೆ ಅದರ ವ್ಯಾಪ್ತಿ. ರಾಯಭಾರಿಯನ್ನು ಕಳಿಸಿದರೆ ತಿಂಗಳು ತಿಂಗಳು ಕೆಲವು ಅಂಕ ಏರುತ್ತದೆ. ಇಬ್ಬರಿಗೂ ಒಬ್ಬನೇ ಶತ್ರುವಿದ್ದರೆ ಏರುತ್ತದೆ. ಗಡಿ ತಗಾದೆಯಿದ್ದರೆ, ಕೊಟ್ಟ ಮಾತು ತಪ್ಪಿದರೆ ಇಳಿಯುತ್ತದೆ. ನೀವು ಮೈತ್ರಿ ಕೇಳಿ ಅದು ಒಲ್ಲೆನೆಂದರೆ, ಏಕೆ ಒಲ್ಲೆ ಎಂಬುದನ್ನೂ ಕೂಡು-ಕಳೆ ಚಿಹ್ನೆಗಳೊಡನೆ ಪಟ್ಟಿ ಮಾಡಿ ತೋರಿಸುತ್ತದೆ. ಆಟ ಕಲಿಯುವವರಲ್ಲಿ ಅನೇಕರು ಈ ಪಟ್ಟಿಯನ್ನು ಓದುವುದೇ ಇಲ್ಲ. “ಸುಮ್ಮನೆ ನನ್ನ ಮೇಲೆ ಬಿದ್ದ, ಮೋಸ ಮಾಡಿದ” ಎಂದು ಕಂಪ್ಯೂಟರನ್ನು ಬೈಯುತ್ತಾರೆ. ಅದು ಬೀಳುವುದಕ್ಕೆ ಬೇಕಾದ ಲೆಕ್ಕ ಬಹಳ ದಿನಗಳಿಂದ ಖಾತೆಯಲ್ಲಿ ಬೆಳೆಯುತ್ತಲೇ ಇರುತ್ತದೆ.

ಇನ್ನು ಎರಡನೆಯ ಸಂಗತಿ. ನೀವು ಒಬ್ಬನನ್ನು ಸೋಲಿಸಿ ಅವನ ನೆಲ ಕಿತ್ತುಕೊಂಡಿರಿ ಎನ್ನೋಣ. ಸೋತವನ ಖಾತೆಯಲ್ಲಷ್ಟೇ ಅದು ಬರೆದಿರುತ್ತದೆಂದು ತಿಳಿಯಬೇಡಿ. ನೋಡುತ್ತ ಕುಳಿತ ನೆರೆಯವರ ಖಾತೆಗಳಲ್ಲೂ ‘ಇವನು ಬೆಳೆಯುತ್ತಿದ್ದಾನೆ’ ಎಂಬ ಆತಂಕದ ಅಂಕ ಏರುತ್ತದೆ. ಹತ್ತಿರದವರಿಗೆ, ಸೋತವನ ಮತ-ಸಂಸ್ಕೃತಿಗೆ ಸೇರಿದವರಿಗೆ ಹೆಚ್ಚು, ದೂರದವರಿಗೆ ಕಡಿಮೆ. ಈ ಆತಂಕ 50 ಅಂಕ ಮುಟ್ಟಿ, ಜೊತೆಗೆ ಒಟ್ಟು ಅಭಿಪ್ರಾಯವೂ ಸೊನ್ನೆಗಿಂತ ಕೆಳಗಿಳಿದರೆ, ಆ ರಾಜ್ಯ ನಿಮ್ಮ ವಿರುದ್ಧದ ಕೂಟಕ್ಕೆ ಸೇರಬಹುದು. ಕೂಟದ ಒಬ್ಬನನ್ನು ಮುಟ್ಟಿದರೂ ಎಲ್ಲರೂ ಒಟ್ಟಿಗೆ ಎದ್ದು ಬರುತ್ತಾರೆ. ಬಿಡಿಬಿಡಿಯಾಗಿ ನಿಮಗೆ ಸಾಟಿಯಾಗದ ಐದಾರು ರಾಜ್ಯಗಳು ಕೂಡಿದಾಗ ನಿಮ್ಮನ್ನು ಮುಗಿಸಬಲ್ಲವು.

ಇದನ್ನು ತಡೆಯುವ ದಾರಿಯೂ ಅದೇ ನಿಯಮದೊಳಗಿದೆ. ಆತಂಕ ವರ್ಷಕ್ಕೆ ಸುಮಾರು 2 ಅಂಕದಂತೆ ತಾನೇ ಕರಗುತ್ತದೆ. ಕಾಯುವ ತಾಳ್ಮೆ ಬೇಕು. ಅದು ಕರಗುವ ತನಕ ಒಟ್ಟು ಅಭಿಪ್ರಾಯ ಸೊನ್ನೆಯ ಮೇಲಿರುವಂತೆ ನೋಡಿಕೊಂಡರೆ ಕೂಟ ಕಟ್ಟುವುದಿಲ್ಲ. ಆದ್ದರಿಂದ ಇರುವ ಕೆಲವೇ ರಾಯಭಾರಿಗಳನ್ನು ಹಳೆಯ ಮಿತ್ರನ ಆಸ್ಥಾನದಲ್ಲಿ ಕೂರಿಸುವುದರಿಂದ ಪ್ರಯೋಜನ ಕಡಿಮೆ. ಬದ್ಧ ವೈರಿಯ ಬಳಿ ಕಳಿಸಿದರೂ ವ್ಯರ್ಥ. ಅತ್ತಲೋ ಇತ್ತಲೋ ಎಂದು ತೂಗಾಡುತ್ತಿರುವ ಮೂರನೆಯವನ ಬಳಿಗೆ ಕಳಿಸಬೇಕು. ಅದೂ ಯುದ್ಧ ಮುಗಿದ ಮೇಲಲ್ಲ, ಯುದ್ಧಕ್ಕೆ ಮೊದಲೇ.

ಕೊಟ್ಟ ಮಾತಿಗೆ ಕಂಪ್ಯೂಟರಿನ ಲೋಕದಲ್ಲಿ ಎಷ್ಟು ಬೆಲೆ ಎಂಬುದಕ್ಕೆ ಒಂದು ಪ್ರಸಿದ್ಧ ಪ್ರಯೋಗವಿದೆ. 1980ರ ಸುಮಾರಿಗೆ ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ ಎಂಬ ರಾಜ್ಯಶಾಸ್ತ್ರಜ್ಞರು ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆಯೇ ಒಂದು ಪಂದ್ಯ ಏರ್ಪಡಿಸಿದರು. ಪ್ರತಿ ಸುತ್ತಿನಲ್ಲೂ ಎರಡು ಪ್ರೋಗ್ರಾಂಗಳು ಎದುರುಬದುರಾಗಿ, ಸಹಕಾರವೋ ದ್ರೋಹವೋ ಎಂದು ಆರಿಸಬೇಕು. ತಜ್ಞರು ಕಳಿಸಿದ 14 ಪ್ರೋಗ್ರಾಂಗಳಲ್ಲಿ ಗೆದ್ದದ್ದು ಅತ್ಯಂತ ಚಿಕ್ಕದಾದ ಒಂದು, ಅನಟೋಲ್ ರಾಪೊಪೋರ್ಟ್ ಕಳಿಸಿದ ‘ಟಿಟ್ ಫಾರ್ ಟ್ಯಾಟ್’. ಅದು ಮೊದಲು ಸಹಕರಿಸುತ್ತದೆ. ಆಮೇಲೆ ಎದುರಾಳಿ ಹಿಂದಿನ ಸಲ ಮಾಡಿದ್ದನ್ನೇ ಮಾಡುತ್ತದೆ. ಎರಡನೆಯ ಪಂದ್ಯಕ್ಕೆ 62 ಪ್ರೋಗ್ರಾಂಗಳು ಬಂದವು. ಮತ್ತೆ ಅದೇ ಗೆದ್ದಿತು. ತಾನಾಗಿ ಮೊದಲು ದ್ರೋಹ ಮಾಡದಿರುವುದು, ಮಾಡಿದವನಿಗೆ ಕೂಡಲೇ ಉತ್ತರ ಕೊಡುವುದು, ಅವನು ಸರಿಹೋದರೆ ಹಳೆಯದನ್ನು ಬಿಡುವುದು, ಎಲ್ಲಕ್ಕಿಂತ ಮಿಗಿಲಾಗಿ ಎದುರಾಳಿಗೆ ತನ್ನ ನಡೆ ಸ್ಪಷ್ಟವಾಗಿ ಅರ್ಥವಾಗುವಂತಿರುವುದು: ಇವು ಅದರ ಗುಣಗಳು.

ಆಟದ ನಿಯಮಗಳನ್ನು ಬರೆದವರು ಇವನ್ನೆಲ್ಲ ಗಾಳಿಯಿಂದ ಹಿಡಿದು ತಂದದ್ದಲ್ಲ. ವಿಜಯನಗರದ ಕಥೆಯನ್ನೇ ಮುಂದುವರಿಸಿ ನೋಡಿ. ಬಹಮನಿ ರಾಜ್ಯ ಒಡೆದು ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್, ಬೇರಾರ್ ಎಂದು ಐದಾಯಿತು. 16ನೆಯ ಶತಮಾನದ ನಡುವಿನಲ್ಲಿ ವಿಜಯನಗರದ ಅಧಿಕಾರ ಹಿಡಿದಿದ್ದ ಅಳಿಯ ರಾಮರಾಯ ಈ ರಾಜ್ಯಗಳ ಪರಸ್ಪರ ಜಗಳವನ್ನು ಬಲು ಜಾಣತನದಿಂದ ಬಳಸಿಕೊಂಡ. ಅಹಮದ್‌ನಗರದ ಜೊತೆ ಸೇರಿ ಬಿಜಾಪುರದ ಮೇಲೆ ಹೋದ; ಮುಂದೆ ಬಿಜಾಪುರದ ಜೊತೆ ಸೇರಿ ಅಹಮದ್‌ನಗರದ ಮೇಲೆ ಹೋದ. ಪ್ರತಿಯೊಂದು ಯುದ್ಧವೂ ಬಿಡಿಯಾಗಿ ನೋಡಿದರೆ ಗೆಲುವೇ. ಆದರೆ ಪ್ರತಿ ಗೆಲುವಿನಲ್ಲೂ ಎಲ್ಲರ ಖಾತೆಗಳಲ್ಲಿ ಆತಂಕ ಏರುತ್ತಿತ್ತು. ಕೊನೆಗೆ ಬಿಜಾಪುರಕ್ಕೂ ಅಹಮದ್‌ನಗರಕ್ಕೂ ಇದ್ದ ಸೊಲ್ಲಾಪುರ ಕೋಟೆಯ ತಗಾದೆ ಮದುವೆಯ ಮೂಲಕ ಬಗೆಹರಿಯಿತು: ಅಹಮದ್‌ನಗರದ ಚಾಂದ್ ಬೀಬಿ ಬಿಜಾಪುರದ ಅಲಿ ಆದಿಲ್ ಷಹನ ಕೈಹಿಡಿದಳು, ಸೊಲ್ಲಾಪುರ ಬಳುವಳಿಯಾಗಿ ಬಂತು. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಒಂದಾದವು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಹನಂತೂ ಯುವಕನಾಗಿದ್ದಾಗ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದವನು. 1565ರ ಜನವರಿ 23ರಂದು ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ರಾಮರಾಯ ಹತನಾದ, ಹಂಪೆ ಹಾಳಾಯಿತು.

ಬೂದಿಗೆರೆಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ನಿಮ್ಮ ತಾಲ್ಲೂಕು ಕೇಂದ್ರವಾದ ದೇವನಹಳ್ಳಿಯ ಕೋಟೆಯನ್ನೇ ನೋಡಿ. 1749ರಲ್ಲಿ ಮೈಸೂರಿನ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿದಾಗಲೇ ಹೈದರಾಲಿಯ ಪರಾಕ್ರಮ ಬೆಳಕಿಗೆ ಬಂದದ್ದು. ಟಿಪ್ಪು ಸುಲ್ತಾನ್ ಜನಿಸಿದ್ದೂ ಇಲ್ಲಿಯೇ. 1780ರಲ್ಲಿ ಹೈದರ್ ಇಂಗ್ಲಿಷರ ಮೇಲೆ ಯುದ್ಧಕ್ಕೆ ಹೊರಟಾಗ ಮರಾಠರೂ ನಿಜಾಮನೂ ಇಂಗ್ಲಿಷರ ವಿರೋಧಿ ಕೂಟದಲ್ಲಿದ್ದರು. ಅದೇ ವರ್ಷ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಪಡೆಯೊಂದು ನುಚ್ಚುನೂರಾಯಿತು. ಹತ್ತು ವರ್ಷ ಕಳೆಯುವುದರಲ್ಲಿ ಮೈಸೂರಿಗೂ ಈ ಇಬ್ಬರಿಗೂ ಯುದ್ಧ ನಡೆದು ಸಂಬಂಧ ಹಳಸಿತ್ತು. 1789ರ ಕೊನೆಗೆ ಟಿಪ್ಪು ತಿರುವಾಂಕೂರಿನ ಮೇಲೆ ದಾಳಿ ಮಾಡಿದಾಗ, ಇಂಗ್ಲಿಷರು, ಮರಾಠರು, ನಿಜಾಮ ಮೂವರೂ 1790ರಲ್ಲಿ ಕೈಜೋಡಿಸಿದರು. 1791ರಲ್ಲಿ ಬೆಂಗಳೂರು ಬಿತ್ತು, ಬೆನ್ನಿಗೇ ದೇವನಹಳ್ಳಿಯೂ ಕಾರ್ನ್‌ವಾಲಿಸನ ವಶವಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮೈಸೂರಿನ ಅರ್ಧ ರಾಜ್ಯ ಹೋಯಿತು. ಭೂಪಟ ಅದೇ, ಆಟಗಾರರೂ ಬಹುಮಟ್ಟಿಗೆ ಅವರೇ. ನೆರೆಯವರು ಯಾವ ಪಕ್ಕದಲ್ಲಿ ನಿಂತರು ಎಂಬುದಷ್ಟೇ ಬದಲಾಗಿತ್ತು.

ಆಟಕ್ಕೂ ಚರಿತ್ರೆಗೂ ಇರುವ ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ. ಆಟದಲ್ಲಿ ಎದುರಾಳಿಯ ಖಾತೆ ಪರದೆಯ ಮೇಲೆ ತೆರೆದಿರುತ್ತದೆ. ರಾಮರಾಯನಿಗಾಗಲಿ ಟಿಪ್ಪುವಿಗಾಗಲಿ ಅಂಥ ಪರದೆ ಇರಲಿಲ್ಲ. ವಕೀಲರ ಪತ್ರ, ಗೂಢಚಾರರ ಸುದ್ದಿ, ಗಾಳಿಮಾತು, ಇವುಗಳಿಂದಲೇ ಅಂದಾಜು ಮಾಡಬೇಕಿತ್ತು. ಇವೆಲ್ಲಕ್ಕಿಂತ ದೊಡ್ಡದೆಂದರೆ, ಆಟ ಕೆಟ್ಟರೆ ಹಿಂದೆ ಉಳಿಸಿಟ್ಟ ಕಡತ ತೆರೆದು ಮತ್ತೆ ಶುರು ಮಾಡಬಹುದು. ಹಂಪೆಯ ಬೀದಿಗಳಲ್ಲಿ ವ್ಯಾಪಾರ ಮಾಡುತ್ತಿದ್ದವರಿಗೆ, ದಂಡು ನಡೆದ ದಾರಿಯಲ್ಲಿ ಹೊಲ ಕಳೆದುಕೊಂಡ ರೈತರಿಗೆ ಆ ಅವಕಾಶ ಇರಲಿಲ್ಲ. ಪರದೆಯ ಮೇಲೆ ಒಂದು ಅಂಕೆಯಾಗಿ ಕಾಣುವುದು ನಿಜ ಜೀವನದಲ್ಲಿ ಸಾವಿರಾರು ಮನೆಗಳು.

ಆದ್ದರಿಂದ ಮುಂದಿನ ಸಲ ಇಂಥ ಆಟಕ್ಕೆ ಕುಳಿತಾಗ, ಯುದ್ಧದ ಗುಂಡಿ ಒತ್ತುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಗೆಲುವನ್ನು ಯಾರು ಯಾರು ನೋಡುತ್ತಿದ್ದಾರೆ? ಅವರ ಖಾತೆಯಲ್ಲಿ ನನ್ನ ಹೆಸರಿನಲ್ಲಿ ಈಗಾಗಲೇ ಏನು ಬರೆದಿದೆ? ಅವರ ನಡುವಿನ ಯಾವ ಜಗಳವನ್ನು ನಂಬಿಕೊಂಡು ನಾನು ನಿಶ್ಚಿಂತೆಯಾಗಿದ್ದೇನೆ, ಅದು ನಾಳೆ ಬಗೆಹರಿದರೆ ಗತಿಯೇನು? ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಸೈನ್ಯವನ್ನು ನಿಲ್ಲಿಸಿ, ರಾಯಭಾರಿಯನ್ನು ಕಳಿಸಿ. ಬಿಡುವಾದಾಗ ದೇವನಹಳ್ಳಿಯ ಕೋಟೆಗೆ ಹೋಗಿ, ಅದರ ಬುರುಜುಗಳನ್ನು ಕಣ್ತುಂಬ ನೋಡಿ ಬನ್ನಿ. ಅಷ್ಟು ದಪ್ಪನೆಯ ಗೋಡೆಯೂ ಒಂಟಿಯಾದ ರಾಜ್ಯವನ್ನು ಕಾಯಲಾರದೆ ಹೋಯಿತೆಂಬುದು ಅಲ್ಲಿ ನಿಂತರೆ ಚೆನ್ನಾಗಿ ಮನದಟ್ಟಾಗುತ್ತದೆ.